ರೀಲ್ ಮೋವರ್ ಸಾಣೆ ಹಿಡಿದರೂ ಗೆರೆ ಬೀಳ್ತಿದೆ, ಜಾಗಕ್ಕೇ ಹೋಗಿ ರಿಪೇರಿ ಮಾಡೋರು ಏನೇನು ನೋಡ್ಬೇಕು?

ಹಾಸನ್_ಪಾನಾ

ಎಲ್ಲರಿಗೂ ನಮಸ್ಕಾರ. ಪವರ್ ಟಿಲ್ಲರ್, ಬ್ರಷ್ ಕಟರ್, ಸ್ಪ್ರೇಯರ್ ಕೆಲಸ ಚೆನ್ನಾಗಿ ಗೊತ್ತು. ರೀಲ್ ಮೋವರ್ (ಉರುಳೆಯಂತೆ ತಿರುಗೋ ಬ್ಲೇಡುಗಳಿಂದ ಹುಲ್ಲು ಕತ್ತರಿಸೋ ಯಂತ್ರ) ನನಗೆ ಹೊಸದು. ಒಂದು ರೆಸಾರ್ಟಿನ ಗಾಲ್ಫ್ ಗ್ರೀನ್ಸ್ (ಗುಳಿಯ ಸುತ್ತ ತೀರಾ ಗಿಡ್ಡ ಹುಲ್ಲಿನ ಜಾಗ), ಎರಡು ಕ್ರಿಕೆಟ್ ಮೈದಾನ, ಮೂರೂ ಕಡೆ ತಿಂಗಳಿಗೆರಡು ಸಲ ಬಂದು ನೋಡಿ ಅಂತ ಕೇಳ್ತಿದ್ದಾರೆ. ಗಾಡಿ ಅಂದ್ರೆ ಈಕೊ ಕಾರ್ಗೊ. ಮೂರು ಪ್ರಶ್ನೆ:

1. 21 ಇಂಚಿನ, ನಡೆದುಕೊಂಡು ಹೋಗುವ ಗ್ರೀನ್ಸ್ ಮೋವರ್, 11 ಬ್ಲೇಡಿನ ರೀಲ್, 4 ಮಿ.ಮೀ. ಎತ್ತರಕ್ಕೆ ಸೆಟ್. ಪೇಸ್ಟ್ ಹಾಕಿ ರೀಲ್ ಹಿಂದಕ್ಕೆ ತಿರುಗಿಸಿ ಬ್ಯಾಕ್‌ಲ್ಯಾಪ್ ಮಾಡಿದ್ರೂ ಬಲಗಡೆ ಹುಲ್ಲು ಸರಿಯಾಗಿ ಕಟ್ ಆಗ್ತಿಲ್ಲ. ಬೆಳಗ್ಗೆ ನೋಡಿದ್ರೆ ತುದಿ ಬೆಳ್ಳಗೆ ಕಿತ್ತ ಹಾಗಿರುತ್ತೆ.

2. ಅದರದ್ದೇ ಎಂಜಿನ್, ಹೋಂಡಾ ಜಿಎಕ್ಸ್120, ಲೋಡ್ ಇಲ್ಲದಾಗ ರೇಸ್ ಏರೋದು ಇಳಿಯೋದು ಮಾಡ್ತಿದೆ. ಪ್ಲಗ್ ಹೊಸದು.

3. ಮೂರು ರೀಲಿನ ಕೂತು ಓಡಿಸೋ ಡೀಸೆಲ್ ಯಂತ್ರದಲ್ಲಿ ಹೈಡ್ರಾಲಿಕ್ ಪೈಪ್ ಒಂದು ಕಡೆ ಒಸರುತ್ತೆ. ಇದನ್ನ ಜಾಗದಲ್ಲೇ ಮಾಡಬಹುದಾ?

ಗಾಡಿಯಲ್ಲಿ ಏನಿಟ್ಟುಕೊಳ್ಳಬೇಕು ಅಂತಲೂ ಹೇಳಿ.

ಬೆಡ್‌ನೈಫ್_55

ಮೊದಲ ಪ್ರಶ್ನೆಗಷ್ಟೇ ಉತ್ತರ ಕೊಡ್ತೀನಿ. ಅದೇ ಉದ್ದ ಆಗುತ್ತೆ.

ಬ್ಯಾಕ್‌ಲ್ಯಾಪ್ ಅನ್ನೋದು ಮೊಂಡಾದ ಅಂಚನ್ನ ಸ್ವಲ್ಪ ಚುರುಕು ಮಾಡುತ್ತೆ, ಅಷ್ಟೇ. ಆಕಾರ ಕೆಟ್ಟಿದ್ರೆ ಅದು ಸರಿಮಾಡಲ್ಲ. ಹಾಗಾಗಿ ಪೇಸ್ಟ್ ಡಬ್ಬಿ ತೆಗೆಯೋ ಮುಂಚೆ ನಾಲ್ಕು ವಿಷಯ ನೋಡಿ. ಪ್ಲಗ್ ಕ್ಯಾಪ್ ಕಿತ್ತಿಟ್ಟು, ದಪ್ಪ ಚರ್ಮದ ಗ್ಲೌಸ್ ಹಾಕಿಕೊಂಡು. ನೀವು ಒಂದು ಬ್ಲೇಡ್ ಹಿಡಿದು ತಿರುಗಿಸುವಾಗ ಹಿಂದಿನ ಬ್ಲೇಡ್ ಬೆಡ್‌ನೈಫಿಗೆ (ರೀಲಿನ ಕೆಳಗೆ ಕದಲದೆ ಕೂತಿರೋ ಕತ್ತಿ) ಬರ್ತಿರುತ್ತೆ. ಬೆರಳು ಹೋಗೋದು ಅಲ್ಲೇ, ಎಂಜಿನ್ ಆಫ್ ಇದ್ದಾಗಲೇ.

ಮೊದಲು ಬೇರಿಂಗ್. ರೀಲನ್ನ ಎರಡೂ ತುದಿಯಲ್ಲಿ ಮೇಲೆ ಕೆಳಗೆ, ಆಮೇಲೆ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಕೈಗೆ ಸಿಗೋಷ್ಟು ಪ್ಲೇ ಇದ್ದರೆ ಮುಂದೆ ಏನು ಅಡ್ಜಸ್ಟ್ ಮಾಡಿದ್ರೂ ನಿಲ್ಲಲ್ಲ. ನಿಮಗೆ ಬೇಕಾದ ಸೆಟ್ಟಿಂಗ್ ಮಿಲಿಮೀಟರಿನ ನೂರರ ಲೆಕ್ಕದ್ದು, ಬೇರಿಂಗ್ ಅಲ್ಲಾಡೋದು ಹತ್ತರ ಲೆಕ್ಕದ್ದು.

ಎರಡನೇದು ರೀಲಿನ ವ್ಯಾಸ. ಎಡತುದಿ, ನಡು, ಬಲತುದಿ, ಮೂರು ಕಡೆ ಅಳೆಯಿರಿ. ಸುತ್ತಿ ಅಳೆಯೋ ಪೈ ಟೇಪ್ ಇದ್ದರೆ ಅದು ಉತ್ತಮ. ಬ್ಲೇಡ್ 11, ಅಂದ್ರೆ ಬೆಸ ಸಂಖ್ಯೆ, ಎದುರುಬದುರು ಬ್ಲೇಡ್ ಬರಲ್ಲ, ಕ್ಯಾಲಿಪರ್ ಮೋಸ ಮಾಡುತ್ತೆ. 5 ಇಂಚಿನ ರೀಲು ಹೊಸದಿದ್ದಾಗ ಸುಮಾರು 128 ಮಿ.ಮೀ. ಮೋವರ್ ಮಾಡೋ ಟೊರೊ ಕಂಪನಿಯ ಕೈಪಿಡಿಯ ಪ್ರಕಾರ 114.3ಕ್ಕೆ ಬಂದ್ರೆ ಬದಲಾಯಿಸಬೇಕು. ಒಂದು ತುದಿಗೂ ಇನ್ನೊಂದಕ್ಕೂ 0.25 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ರೀಲು ಶಂಕುವಿನ ಆಕಾರಕ್ಕೆ ಹೋಗಿದೆ ಅಂತ ಲೆಕ್ಕ. ಅದು ಗ್ರೈಂಡಿಂಗ್ ಯಂತ್ರದ ಕೆಲಸ.

ಮೂರನೇದು ಬ್ಲೇಡಿನ ಅಂಚು. ಬ್ಲೇಡಿನ ಪೂರ್ತಿ ದಪ್ಪ ಬೆಡ್‌ನೈಫಿಗೆ ಉಜ್ಜುತ್ತಾ ಹೊಳೀತಿದ್ದರೆ ರಿಲೀಫ್ (ಅಂಚಿನ ಹಿಂದೆ ಬ್ಲೇಡನ್ನ ಇಳಿಜಾರಾಗಿ ತೆಗೆದ ಭಾಗ) ಪೂರ್ತಿ ಸವೆದಿದೆ. ಹೊಳೆಯೋ ಪಟ್ಟಿ ತೆಳ್ಳಗಿರಬೇಕು, ಅದರ ಹಿಂದೆ ಬ್ಲೇಡ್ ಹಿಂಜರಿದಿರಬೇಕು. ಅಗಲ ಜಾಸ್ತಿ ಆದಷ್ಟೂ ಉಜ್ಜಾಟ, ಬಿಸಿ, ಎಂಜಿನ್ನಿಗೆ ಭಾರ. ಅಂಥ ರೀಲಿಗೆ ಎಷ್ಟು ಸಲ ಬ್ಯಾಕ್‌ಲ್ಯಾಪ್ ಮಾಡಿದ್ರೂ ಎರಡು ದಿನಕ್ಕೆ ಮತ್ತೆ ಮೊಂಡು.

ನಾಲ್ಕನೇದು ಬೆಡ್‌ನೈಫ್. ಹೊಸ ನೈಫ್ ಹಾಕಿದ್ದರೆ, ಬಾರಿಗೆ (ನೈಫ್ ಹಿಡಿದಿರೋ ಲೋಹದ ದಿಂಡು) ಕೂರಿಸಿದ ಮೇಲೆ ಅದನ್ನ ಗ್ರೈಂಡ್ ಮಾಡಿಸಿದ್ದಾರಾ ಕೇಳಿ. ಪ್ಯಾಕೆಟ್ಟಿಂದ ತೆಗೆದ ನೈಫ್ ನೆಟ್ಟಗಿರಬಹುದು, ಆದರೆ ಬಾರಿನ ಮೇಲೆ ಸ್ಕ್ರೂ ಬಿಗಿದಾಗ ಬಾರಿನ ಡೊಂಕೇ ನೈಫಿನ ಡೊಂಕು ಆಗುತ್ತೆ. ಬಾರಿನ ತುಕ್ಕನ್ನ ವೈರ್ ಬ್ರಷ್ಷಲ್ಲಿ ಪೂರ್ತಿ ತೆಗೀರಿ, ಸ್ಕ್ರೂ ಹೊಸದು ಹಾಕಿ, ನಡುವಿನಿಂದ ಶುರುಮಾಡಿ ತುದಿಗಳ ಕಡೆಗೆ ಬಿಗಿಯಿರಿ. ತುದಿಯಿಂದ ಬಿಗಿದರೆ ನಡು ಉಬ್ಬುತ್ತೆ.

ಇಷ್ಟೂ ಸರಿ ಇದ್ದರೆ ಮಾತ್ರ ಸೆಟ್ಟಿಂಗ್. ಕ್ರಮ: ಮೊದಲು ರೀಲ್–ನೈಫ್ ಸಂಪರ್ಕ, ಆಮೇಲೆ ರೋಲರ್, ಕೊನೆಗೆ ಎತ್ತರ. ಎತ್ತರ ಮೊದಲು ಮಾಡಿಟ್ಟರೆ ನೈಫ್ ಅಡ್ಜಸ್ಟ್ ಮಾಡಿದ ಕೂಡಲೇ ಅದು ಕೆಟ್ಟಿರುತ್ತೆ.

ಸಂಪರ್ಕ ನೋಡೋದಕ್ಕೆ ದಿನಪತ್ರಿಕೆಯ ಕಾಗದವೇ ಸಾಕು. ಒಂದಿಂಚು ಅಗಲದ ಪಟ್ಟಿ ಕತ್ತರಿಸಿ, ನೈಫಿಗೆ ನೇರ 90 ಡಿಗ್ರಿಯಲ್ಲಿ ಒಳಗೆ ಕೊಟ್ಟು ರೀಲ್ ನಿಧಾನ ತಿರುಗಿಸಿ. ಉದ್ದಕ್ಕೂ ಏಳೆಂಟು ಕಡೆ ಮಾಡಿ. ಕತ್ತರಿ ಹಾಕಿದ ಹಾಗೆ ತುಂಡಾಗಬೇಕು. ಮಡಚಿಕೊಂಡು ಒಳಗೆ ಹೋದ್ರೆ ಅಂತರ ಜಾಸ್ತಿ ಅಥವಾ ಅಂಚು ಮೊಂಡು. ರೀಲು ಕೈಯಲ್ಲಿ ತಿರುಗಿಸಕ್ಕೆ ಭಾರ ಆದ್ರೆ ಬಿಗಿ ಹೆಚ್ಚು. ಬೇಕಾಗಿರೋದು ಬಹಳ ಹಗುರವಾದ ತಾಗು, ಇಲ್ಲ ಅಂದ್ರೆ 0.025ರಿಂದ 0.05 ಮಿ.ಮೀ. ಅಂತರ. ಟೊರೊ ಗ್ರೀನ್ಸ್ ಯಂತ್ರಗಳಲ್ಲಿ ಅಡ್ಜಸ್ಟರಿನ ಒಂದು ಕ್ಲಿಕ್ಕಿಗೆ ನೈಫ್ 0.018 ಮಿ.ಮೀ. ಸರಿಯುತ್ತೆ. ಅಂದ್ರೆ ‘ಅರ್ಧ ಸುತ್ತು ಬಿಗಿ ಮಾಡು’ ಅನ್ನೋ ಮಾತೇ ಇಲ್ಲಿಲ್ಲ.

ಇನ್ನು ಬ್ಯಾಕ್‌ಲ್ಯಾಪ್. ಗ್ರೀನ್ಸಿಗೆ 80 ಗ್ರಿಟ್ (ಕಣದ ಅಳತೆ, ಸಂಖ್ಯೆ ಹೆಚ್ಚಾದಷ್ಟೂ ನಯ) ಪೇಸ್ಟಲ್ಲಿ ಶುರುಮಾಡಿ 120ರಲ್ಲಿ ಮುಗಿಸಿ. ಉದ್ದ ಹಿಡಿಯ ಬ್ರಷ್ಷಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ ಸಮವಾಗಿ ಬಳಿಯಿರಿ. ಉಜ್ಜೋ ಸದ್ದು ಕಮ್ಮಿ ಆದಾಗ ಎರಡೂ ಕಡೆ ಒಂದೊಂದು ಕ್ಲಿಕ್. ಮುಗಿದ ಮೇಲೆ ಎಲ್ಲರೂ ಮರೆಯೋ ಎರಡು ಕೆಲಸ: ಪೇಸ್ಟನ್ನ ನೀರು ತಿಳಿಯಾಗೋವರೆಗೆ ತೊಳೆಯೋದು, ಇಲ್ಲಾಂದ್ರೆ ಹುಲ್ಲು ಕತ್ತರಿಸುವಾಗಲೂ ಅದು ಸವೆಸ್ತಾನೇ ಇರುತ್ತೆ. ಮತ್ತೆ ನೈಫಿನ ಮುಂಭಾಗದಲ್ಲಿ ಎದ್ದಿರೋ ಚೂರು ಅಂಚನ್ನ ಚಪ್ಪಟೆ ಅರದಿಂದ ತೆಗೆಯೋದು. ಉಗುರಲ್ಲಿ ಹಿಂದಿನಿಂದ ಮುಂದಕ್ಕೆ ಎಳೆದ್ರೆ ಸಿಕ್ಕಿಕೊಳ್ಳುತ್ತೆ. ಅದನ್ನ ಬಿಟ್ಟರೆ ಹುಲ್ಲು ಕತ್ತರಿಸೋದಕ್ಕಿಂತ ಕೀಳೋದೇ ಹೆಚ್ಚು. ನೀವು ಹೇಳಿದ ಬೆಳ್ಳಗಿನ ತುದಿಗೆ ಇದೂ ಕಾರಣ ಇರಬಹುದು.

ಮೂರು ವ್ಯಾಸ, ಕಾಗದ ಎಲ್ಲೆಲ್ಲಿ ಕಟ್ ಆಯ್ತು, ಇಷ್ಟು ಬರೆದು ಹಾಕಿ. ಅಲ್ಲಿವರೆಗೆ ಯಾವ ಪಾರ್ಟ್ಸೂ ತರಿಸಬೇಡಿ.

ಮೈಸೂರು_ಔಟ್‌ಫೀಲ್ಡ್

ಮೇಲಿನವರು ಹೇಳಿದ್ದಕ್ಕೆ ಸೇರಿಸೋದು: ಗೆರೆ ಯಾವ ದಿಕ್ಕಿಗಿದೆ ಅಂತ ನೋಡಿದ್ರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತೆ. ಯಂತ್ರ ಹೋದ ದಿಕ್ಕಿಗೇ ದಾರದಂಥ ಒಂದು ಗೆರೆ, ಪ್ರತಿ ಸಾಲಲ್ಲೂ ಅದೇ ಜಾಗದಲ್ಲಿ ಬಂದ್ರೆ ಬೆಡ್‌ನೈಫಿಗೆ ಕಲ್ಲು ಬಡಿದು ಮುಕ್ಕಾಗಿದೆ. ಅಡ್ಡಡ್ಡ ಅಲೆ, ಬಟ್ಟೆ ಒಗೆಯೋ ಕಲ್ಲಿನ ಏಣುಗಳ ಥರ ಬಂದ್ರೆ ಅದು ಸಾಣೆಯ ವಿಷಯವೇ ಅಲ್ಲ, ಲೆಕ್ಕದ ವಿಷಯ.

ಲೆಕ್ಕ ಹೀಗೆ: ಒಂದು ನಿಮಿಷಕ್ಕೆ ಯಂತ್ರ ಎಷ್ಟು ಮಿ.ಮೀ. ಮುಂದೆ ಹೋಯ್ತು, ಅದನ್ನ ರೀಲಿನ ಆರ್‌ಪಿಎಂ ಗುಣಿಸು ಬ್ಲೇಡ್ ಸಂಖ್ಯೆಯಿಂದ ಭಾಗಿಸಿ. ಗಂಟೆಗೆ 5 ಕಿ.ಮೀ. ಅಂದ್ರೆ ನಿಮಿಷಕ್ಕೆ 83,333 ಮಿ.ಮೀ. ರೀಲ್ 2000 ಆರ್‌ಪಿಎಂ, 11 ಬ್ಲೇಡ್ ಆದ್ರೆ ಒಂದೊಂದು ಕಡಿತಕ್ಕೆ 3.8 ಮಿ.ಮೀ. ನಿಮ್ಮ 4 ಮಿ.ಮೀ. ಎತ್ತರಕ್ಕೆ ಸರಿಹೋಗುತ್ತೆ. ಬೆಲ್ಟ್ ಜಾರಿ ರೀಲ್ 1500ಕ್ಕೆ ಇಳಿದ್ರೆ 5 ಮಿ.ಮೀ. ದಾಟುತ್ತೆ, ಅಲೆ ಎದ್ದೇ ಏಳುತ್ತೆ. ಮೂರು ರೀಲಿನ ಹೈಡ್ರಾಲಿಕ್ ಯಂತ್ರದಲ್ಲಿ ಡ್ರೈವರ್ ಅವಸರ ಮಾಡಿದ್ರೂ ಇದೇ ಕಥೆ. ನಡೆದುಕೊಂಡು ಹೋಗೋದರಲ್ಲಿ ಡ್ರಮ್ಮಿಗೂ (ಯಂತ್ರವನ್ನ ಮುಂದೆ ಓಡಿಸೋ ಉರುಳೆ) ರೀಲಿಗೂ ಎಂಜಿನ್ ಒಂದೇ ಆದ್ದರಿಂದ ಜೋರಾಗಿ ಹೋದ್ರೂ ಲೆಕ್ಕ ಬದಲಾಗಲ್ಲ, ಬೆಲ್ಟ್ ಒಂದೇ ಅನುಮಾನ.

ಇನ್ನೊಂದು, ಮೈದಾನಕ್ಕೆ ಮರಳು ಹಾಕಿದ್ದು ಯಾವಾಗ ಅಂತ ಕೇಳದೆ ಸಾಣೆ ಹಿಡೀಬೇಡಿ. ಟಾಪ್ ಡ್ರೆಸ್ಸಿಂಗ್ ಮಾಡಿದ ಮಾರನೇ ದಿನ ಒಳ್ಳೆ ರೀಲು ಓಡಿಸಿದ್ರೆ ನೀವು ಮಾಡಿದ ಕೆಲಸ ಒಂದೇ ಬೆಳಗ್ಗೆಗೆ ಹೋಗುತ್ತೆ. ಮರಳು ಬ್ರಷ್ ಮಾಡಿ, ನೀರು ಕೊಟ್ಟು ಇಳಿಯೋವರೆಗೆ ಹಳೇ ಯಂತ್ರ ಬಳಸಲಿ. ಬಿಲ್ಲು ಕೊಡುವಾಗ ಈ ಮಾತು ಜಾಬ್ ಕಾರ್ಡಲ್ಲಿ ಬರೆದುಬಿಡಿ, ಮುಂದೆ ಜಗಳ ಇರಲ್ಲ.

ಎಂಜಿನ್ ವಿಷಯ. ರೇಸ್ ಏರಿಳಿತಕ್ಕೆ ಎಲ್ಲರೂ ಗವರ್ನರ್ (ಎಂಜಿನ್ ವೇಗ ಸಮವಾಗಿಡೋ ಭಾಗ) ಸ್ಪ್ರಿಂಗ್ ಬಗ್ಗಿಸಕ್ಕೆ ಹೋಗ್ತಾರೆ. ದಯವಿಟ್ಟು ಅದನ್ನ ಮುಟ್ಟಬೇಡಿ, ಕೊನೆಯಲ್ಲಿ ನೋಡೋಣ. ಮೊದಲು ಎಂಜಿನ್ ಓಡ್ತಿರುವಾಗ ಚೋಕ್ ಅರ್ಧ ಎಳೆಯಿರಿ. ಏರಿಳಿತ ನಿಂತ್ರೆ ಪೆಟ್ರೋಲ್ ಕಡಿಮೆ ಬರ್ತಿದೆ ಅಂತ: ಪೈಲಟ್ ಜೆಟ್ (ಐಡಲಲ್ಲಿ ಪೆಟ್ರೋಲ್ ಬಿಡೋ ಸಣ್ಣ ತೂತಿನ ನಳಿಗೆ) ಕಟ್ಟಿದೆ, ಇಲ್ಲ ಕಾರ್ಬೊರೇಟರಿಗೂ ಹೆಡ್ಡಿಗೂ ನಡುವೆ ಗಾಳಿ ಎಳೀತಿದೆ.

ಟ್ಯಾಂಕಿನ ಪೆಟ್ರೋಲನ್ನ ಗಾಜಿನ ಬಾಟಲಿಗೆ ಬಿಟ್ಟು ಹತ್ತು ನಿಮಿಷ ಇಡಿ. ತಳದಲ್ಲಿ ಬೇರೆ ಪದರ ನಿಂತರೆ ವಿಷಯ ಮುಗೀತು. ಈಗ ಬಂಕಲ್ಲಿ ಬರೋದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲು, ಎಥನಾಲು ತೇವ ಎಳ್ಕೊಳ್ಳುತ್ತೆ, ಒಂದು ಮಟ್ಟ ದಾಟಿದ್ರೆ ನೀರಿನ ಜೊತೆ ಬೇರ್ಪಟ್ಟು ತಳಕ್ಕೆ ಇಳಿಯುತ್ತೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಯಂತ್ರದಲ್ಲಿ ಇದು ಮಾಮೂಲು.

ಜಿಎಕ್ಸಲ್ಲಿ ಪೈಲಟ್ ಜೆಟ್ ಐಡಲ್ ಸ್ಕ್ರೂ ಕೆಳಗೆ, ಪ್ಲಾಸ್ಟಿಕ್ ತಲೆಯದು. ಸ್ಕ್ರೂ ಬಿಚ್ಚಿ ಮೆಲ್ಲಗೆ ಮೀಟಿದ್ರೆ ಬರುತ್ತೆ. ವೈರಿನಿಂದ ತೆಗೆದ ತಾಮ್ರದ ಒಂದೇ ಎಳೆ ಹಾಕಿ ಬಿಡಿಸಿ. ಸೂಜಿ, ಪಿನ್ನು ಬೇಡ, ತೂತು ದೊಡ್ಡದಾದ್ರೆ ಜೆಟ್ ಬಿಸಾಕೋದೇ. ಓ-ರಿಂಗ್ ನೋಡಿ. ಮೇನ್ ಜೆಟ್, ಅದರ ಮೇಲಿನ ನಳಿಗೆಯ ಅಡ್ಡ ತೂತುಗಳು, ಬೌಲಿನ ತಳ, ಎಲ್ಲಾ ಕ್ಲೀನ್ ಮಾಡಿ. ಸ್ಪ್ರೇ ಹೊಡೆಯುವಾಗ ಕನ್ನಡಕ ಹಾಕಿ, ಒಂದು ತೂತಲ್ಲಿ ಹೊಡೆದದ್ದು ಇನ್ನೊಂದರಿಂದ ಸೀದಾ ಕಣ್ಣಿಗೆ ಬರುತ್ತೆ. ಕೂರಿಸುವಾಗ ಇನ್ಸುಲೇಟರಿನ ಎರಡೂ ಕಡೆ ಹೊಸ ಗ್ಯಾಸ್ಕೆಟ್.

ಆಮೇಲೆ ಟ್ಯಾಪೆಟ್ (ವಾಲ್ವಿನ ಸಂದು): ಎಂಜಿನ್ ತಣ್ಣಗಿದ್ದಾಗ, ಇನ್‌ಲೆಟ್ 0.15, ಎಕ್ಸಾಸ್ಟ್ 0.20 ಮಿ.ಮೀ. ಪ್ಲಗ್ ಬಿಪಿಆರ್6ಇಎಸ್, ಗ್ಯಾಪ್ 0.7ರಿಂದ 0.8. ಆಯಿಲ್ ಸುಮಾರು 0.56 ಲೀಟರ್, 100 ಗಂಟೆಗೆ ಬದಲಾವಣೆ. ಕರೆಂಟೇ ಬರ್ತಿಲ್ಲ ಅಂದ್ರೆ ಕಾಯಿಲ್ ತರಿಸೋ ಮುಂಚೆ ಆಯಿಲ್ ಮಟ್ಟ ನೋಡಿ. ಆಯಿಲ್ ಅಲರ್ಟ್ ಇರೋ ಎಂಜಿನ್ನು ಆಯಿಲ್ ಕಮ್ಮಿ ಆದಾಗ ಸ್ಪಾರ್ಕ್ ಕಟ್ ಮಾಡುತ್ತೆ.

ಇಷ್ಟಾದ್ರೂ ನಿಲ್ಲದಿದ್ದರೆ ಗವರ್ನರ್: ಲಿವರಿನ ನಟ್ ಸಡಿಲಿಸಿ, ಥ್ರಾಟಲ್ ಪೂರ್ತಿ ತೆಗೆದ ಸ್ಥಿತಿಗೆ ಲಿವರ್ ತಳ್ಳಿ, ಶಾಫ್ಟನ್ನ ಅದೇ ದಿಕ್ಕಿಗೆ ಹೋಗೋಷ್ಟು ತಿರುಗಿಸಿ ನಟ್ ಬಿಗಿಯಿರಿ. ಟ್ಯಾಕೊಮೀಟರ್ ಹಿಡಿದೇ ಆರ್‌ಪಿಎಂ ಸೆಟ್ ಮಾಡಿ. ಕಿವಿಯಲ್ಲಿ ಕೇಳಿ ಸೆಟ್ ಮಾಡೋ ಅಭ್ಯಾಸ ಟಿಲ್ಲರಿಗೆ ನಡೆಯುತ್ತೆ, ಇಲ್ಲಿ ನಡೆಯಲ್ಲ.

ಪೀಣ್ಯ_ಹೋಸ್

ಹಾಸನದ ಅಣ್ಣ, ಹೈಡ್ರಾಲಿಕ್ ಪೈಪ್ ಜಾಗದಲ್ಲೇ ಬದಲಾಯಿಸಬಹುದು. ಆದರೆ ‘ಜಾಗ’ ಅಂದ್ರೆ ಗ್ರೀನ್ ಅಲ್ಲ, ಶೆಡ್ಡಿನ ಸಿಮೆಂಟ್ ನೆಲ ಅಥವಾ ಗಾಡಿ ಓಡಾಡೋ ದಾರಿ. ಬಿಸಿ ಹೈಡ್ರಾಲಿಕ್ ಆಯಿಲ್ ಬಿದ್ದ ಹುಲ್ಲು ಸುಡೋದು ಆಯಿಲಿಗಿಂತ ಹೆಚ್ಚಾಗಿ ಶಾಖಕ್ಕೆ. ಗ್ರೀನ್ ಮೇಲೆ ಪೈಪ್ ಒಡೆದ್ರೆ ಅಲ್ಲೇ ನಿಲ್ಲಿಸಿ ನೋಡೋದು ತಪ್ಪು. ರೀಲ್ ಎತ್ತಿ, ಹತ್ತಿರದ ಅಂಚಿಗೆ ಹೊರಗೆ ತರಬೇಕು ಅಂತ ಡ್ರೈವರಿಗೆ ಮೊದಲೇ ಹೇಳಿಡಿ. ಗೆರೆ ಬಿದ್ದರೆ ಗೆರೆ, ಮಡು ಆಗೋದು ಬೇಡ. ಬಿದ್ದ ಆಯಿಲನ್ನ ಬಟ್ಟೆಯಲ್ಲಿ ಉಜ್ಜಬೇಡಿ. ಪಾತ್ರೆ ತೊಳೆಯೋ ಸೋಪಿನ ನೀರು ಧಾರಾಳ ಹಾಕಿ ತೊಳೆಯಿರಿ.

ಎಲ್ಲಿ ಒಸರುತ್ತೆ ಅಂತ ಕೈ ಸವರಿ ಹುಡುಕೋದು ಬೇಡವೇ ಬೇಡ. ಸೂಜಿತೂತಿನಿಂದ ಬರೋ ಆಯಿಲ್ ಚರ್ಮದ ಒಳಗೇ ನುಗ್ಗುತ್ತೆ. ಮೇಲೆ ಚುಕ್ಕೆಯಷ್ಟೇ ಕಾಣುತ್ತೆ, ನೋವೂ ಮೊದಲು ಇರಲ್ಲ, ಆದರೆ ಅದು ತಕ್ಷಣ ಸರ್ಜನ್ ಹತ್ತಿರ ಹೋಗಬೇಕಾದ ಗಾಯ. ರಟ್ಟಿನ ತುಂಡು ಹಿಡಿದು ನೋಡಿ.

ಬಿಚ್ಚೋ ಮುಂಚೆ ರೀಲುಗಳನ್ನ ನೆಲಕ್ಕಿಳಿಸಿ, ಎಂಜಿನ್ ಆಫ್ ಮಾಡಿ, ಲಿವರುಗಳನ್ನ ಆಡಿಸಿ ಒತ್ತಡ ಕಳೆಯಿರಿ. ಮೊಬೈಲಲ್ಲಿ ಫೋಟೊ ತೆಗೀರಿ, ಪೈಪಿನ ಎರಡೂ ತುದಿಗೆ ಒಂದೇ ಬಣ್ಣದ ಟೇಪ್ ಸುತ್ತಿ. ಯಾವಾಗಲೂ ಎರಡು ಪಾನಾ: ಒಂದು ಹಿಡಿಯಕ್ಕೆ, ಒಂದು ತಿರುಗಿಸಕ್ಕೆ. ಬಿಚ್ಚಿದ ಬಾಯಿಗೆ ತಕ್ಷಣ ಕ್ಯಾಪ್. ಆ ಒಂದು ಗಂಟೆಯಲ್ಲಿ ಒಳಗೆ ಹೋದ ಹುಲ್ಲಿನ ಧೂಳೇ ಪಂಪ್ ತಿನ್ನೋದು.

ಇನ್ನು ಫಿಟ್ಟಿಂಗ್. ಹೊರದೇಶದಿಂದ ಬಂದ ಮೋವರುಗಳಲ್ಲಿ ಹೆಚ್ಚಾಗಿ ಮುಖದಲ್ಲಿ ಓ-ರಿಂಗ್ ಇರೋ ಓಆರ್‌ಎಫ್‌ಎಸ್, ಇಲ್ಲ 37 ಡಿಗ್ರಿಯ ಜೆಐಸಿ ಇರುತ್ತೆ. ನಮ್ಮಲ್ಲಿ ಅಂಗಡಿಯವರ ಕೈಗೆ ಮೊದಲು ಸಿಗೋದು ಬಿಎಸ್‌ಪಿ (ಬ್ರಿಟಿಷ್ ಅಳತೆಯ ಪೈಪ್ ಥ್ರೆಡ್). ಎರಡು ಸುತ್ತು ಹತ್ತಿ ಬಿಗಿಯಾದ್ರೆ ‘ಕೂತ್ಕೊಂತು’ ಅಂತಾರೆ, ಕೂತಿರಲ್ಲ, ಥ್ರೆಡ್ ಹಾಳಾಗಿರುತ್ತೆ. ಹಳೇ ಪೈಪನ್ನ ತುದಿಗಳ ಸಮೇತ ತಗೊಂಡು ಹೋಗಿ ಹೊಸ ಪೈಪಿಗೆ ಫಿಟ್ಟಿಂಗ್ ಒತ್ತಿ ಕೂರಿಸಿ, ಅಂದ್ರೆ ಕ್ರಿಂಪ್ ಮಾಡಿಸಿ. ಒಳವ್ಯಾಸ, ಉದ್ದ, ಎರಡು ಮೊಣಕೈ ಫಿಟ್ಟಿಂಗ್ ಇದ್ದರೆ ಅವುಗಳ ನಡುವಿನ ಕೋನ ಬರೆದುಕೊಡಿ. ಬೆಂಗಳೂರಲ್ಲಾದ್ರೆ ಪೀಣ್ಯದಲ್ಲಿ ನಿಂತ ಕಾಲಲ್ಲೇ ಮಾಡಿಕೊಡೋರಿದ್ದಾರೆ. ಓ-ರಿಂಗ್ ಪ್ರತಿ ಸಲ ಹೊಸದು.

ಪಂಪ್ ಕಿರುಗುಡುತ್ತೆ ಅಂತ ದೂರು ಬಂದ್ರೆ ಪಂಪಿನ ಬೆಲೆ ಹೇಳೋ ಮುಂಚೆ ಸಕ್ಷನ್ ಪೈಪಿನ ಕ್ಲಿಪ್ ನೋಡಿ. ಟ್ಯಾಂಕಲ್ಲಿ ನೊರೆ ಇದ್ದರೆ ಗಾಳಿ ಎಳೀತಿದೆ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ. ಮಾರ್ಚ್‌ನಿಂದ ಮೇವರೆಗೆ ಬಿಸಿ ಜಾಸ್ತಿ ಅನ್ನೋ ಕರೆಗಳಲ್ಲಿ ಹೆಚ್ಚಿನವು ರೇಡಿಯೇಟರ್ ಜಾಲರಿಯಲ್ಲಿ ಕೂತ ಹುಲ್ಲಿನ ಹೊಟ್ಟು. ಗಾಳಿ ಬರೋ ದಿಕ್ಕಿಗೆ ವಿರುದ್ಧವಾಗಿ ಊದಿ ತೆಗೀರಿ. ಹೈ ಪ್ರೆಷರ್ ನೀರು ಬಿಟ್ಟರೆ ರೆಕ್ಕೆಗಳು ಮಡಚುತ್ತವೆ.

ಬೆಡ್‌ನೈಫ್_55

ಗಾಡಿಯ ಸಾಮಾನಿನ ಬಗ್ಗೆ ಯಾರೂ ಹೇಳಿಲ್ಲ ಅಂತ ಬರೀತಿದೀನಿ. ಪಾನಾ ಸೆಟ್ಟು ಮಿ.ಮೀ. ಮತ್ತೆ ಇಂಚು ಎರಡೂ ಬೇಕು. ಅಮೆರಿಕದ ಯಂತ್ರಗಳಲ್ಲಿ 9/16 ಇಂಚಿನ ಬೋಲ್ಟಿಗೆ 15 ಮಿ.ಮೀ. ಪಾನಾ ಹಾಕಿ ಮೂಲೆ ಸವೆಸಿಟ್ಟಿರ್ತಾರೆ. ಎತ್ತರ ಅಳೆಯೋ ಗೇಜ್ ಬಾರ್ ಇಲ್ಲದೆ ಗ್ರೀನ್ಸಿಗೆ ಹೋಗೋದೇ ಬೇಡ. ಅದರ ಜೊತೆ ಪೈ ಟೇಪ್, ಫಿಲ್ಲರ್ ಗೇಜ್, ಟಾರ್ಕ್ ಪಾನಾ, ಟ್ಯಾಕೊ, ಮಲ್ಟಿಮೀಟರ್. ಬ್ಯಾಟರಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜು, 12.2 ಅಂದ್ರೆ ಅರ್ಧ, ಎಂಜಿನ್ ಓಡುವಾಗ 13.8ರಿಂದ 14.4 ಬರಬೇಕು. ಸ್ಟಾರ್ಟೇ ಆಗಲ್ಲ ಅನ್ನೋ ಕೂತು ಓಡಿಸೋ ಯಂತ್ರದಲ್ಲಿ ಸೀಟ್ ಸ್ವಿಚ್ಚು, ನ್ಯೂಟ್ರಲ್ ಸ್ವಿಚ್ಚು ಮೊದಲು ನೋಡಿ. ಪರೀಕ್ಷೆಗೆ ವೈರ್ ಜೋಡಿಸಿ ನೋಡಬಹುದು, ಆದರೆ ಹಾಗೇ ಬಿಟ್ಟು ಬರೋ ಹಾಗಿಲ್ಲ. ರೀಲು ತಿರುಗುವಾಗ ಡ್ರೈವರ್ ಇಳಿದ್ರೆ ಯಂತ್ರ ನಿಲ್ಲಬೇಕಾದ್ದು ಅದರಿಂದಲೇ.

ರೀಲ್ ಗ್ರೈಂಡರ್ ಈಕೊದಲ್ಲಿ ಹಿಡಿಯಲ್ಲ, ತೂಕವೂ ಬೇಡ. ಗ್ರೈಂಡಿಂಗ್ ಇರೋ ಕಡೆಗೆ ಕಟಿಂಗ್ ಯೂನಿಟ್ (ರೀಲು, ನೈಫು ಇರೋ ಭಾಗ) ಬಿಚ್ಚಿ ಕಳಿಸಿ, ತಂದು ಕೂರಿಸೋದು ನಿಮ್ಮ ಕೆಲಸ. ಡೀಸೆಲ್ ಇಂಜೆಕ್ಷನ್ ಪಂಪೂ ಹಾಗೇ, ಮೈದಾನದ ಧೂಳಲ್ಲಿ ಬಿಚ್ಚೋದಲ್ಲ.

ಒಂದು ಮೈದಾನದಿಂದ ಇನ್ನೊಂದಕ್ಕೆ ಹೋಗುವಾಗ ಟ್ರೇ, ಜ್ಯಾಕು, ಬೂಟು ತೊಳೆದುಕೊಂಡೇ ಹೋಗಿ. ಜೇಕು ಕಳೆಯ ಗಡ್ಡೆ ನಿಮ್ಮ ಗಾಡಿಯಲ್ಲಿ ಬಂತು ಅಂತ ಆದ್ರೆ ಆ ಮೈದಾನದವರು ಇನ್ನೊಂದು ಸಲ ಗೇಟ್ ತೆಗೆಯಲ್ಲ.

ಹಾಸನ್_ಪಾನಾ

ಎಲ್ಲರಿಗೂ ಧನ್ಯವಾದ ಸರ್. ಕಾರ್ಬೊರೇಟರ್ ಪೈಲಟ್ ಜೆಟ್ಟೇ ಕಟ್ಟಿತ್ತು, ಈಗ ರೇಸ್ ಏರಿಳಿತ ನಿಂತಿದೆ. ರೀಲಿನ ಅಳತೆ: ಎಡ 121.4, ನಡು 121.1, ಬಲ 120.7. ಬೇರಿಂಗ್ ಪ್ಲೇ ಇಲ್ಲ. ಕಾಗದ ಎಡದಿಂದ ಅರ್ಧದವರೆಗೆ ಕಟ್ ಆಗುತ್ತೆ, ಆಮೇಲೆ ಮಡಚುತ್ತೆ. ಬಲಗಡೆ ಅಡ್ಜಸ್ಟರ್ ಹತ್ತು ಹನ್ನೆರಡು ಕ್ಲಿಕ್ ಕೊಟ್ಟರೆ ಅಲ್ಲೂ ಕಟ್ ಆಗುತ್ತೆ. ಹಾಗೇ ಬಿಡಬಹುದಾ?

ಬೆಡ್‌ನೈಫ್_55

ಬೇಡ. ತುದಿಗೂ ತುದಿಗೂ 0.7 ಮಿ.ಮೀ. ವ್ಯತ್ಯಾಸ, ಮಿತಿಯ ಎರಡೂವರೆ ಪಟ್ಟು ದಾಟಿದೆ. ಬಲಗಡೆ ಕ್ಲಿಕ್ ಕೊಟ್ಟು ಕಾಗದ ಕತ್ತರಿಸುವ ಹಾಗೆ ಮಾಡಬಹುದು, ನಿಜ. ಆದರೆ ಆಗ ನೈಫು ರೀಲಿಗೆ ಸಮ, ರೋಲರಿಗೆ ಓರೆ. ಅರ್ಧವ್ಯಾಸದ ಲೆಕ್ಕದಲ್ಲಿ ಬಲತುದಿ 0.35 ಮಿ.ಮೀ. ಸರಿದಿರುತ್ತೆ, 4 ಮಿ.ಮೀ. ಎತ್ತರದ ಗ್ರೀನ್ ಮೇಲೆ ಅದು ಒಂದು ಸಾಲು ದಟ್ಟ ಒಂದು ಸಾಲು ತಿಳಿ ಅಂತ ಎದ್ದು ಕಾಣುತ್ತೆ. ಹಿಂದೆ ಯಾರೋ ಬಲಗಡೆಯೊಂದನ್ನೇ ಬಿಗಿ ಮಾಡ್ತಾ ಬಂದಿರ್ತಾರೆ, ಬಿಗಿ ಇದ್ದ ಕಡೆ ಜಾಸ್ತಿ ಸವೆದಿದೆ.

ಯೂನಿಟ್ ಗ್ರೈಂಡಿಂಗಿಗೆ ಕಳಿಸಿ. ಬರೀ ಸ್ಪಿನ್ ಗ್ರೈಂಡ್ (ರೀಲ್ ತಿರುಗಿಸ್ತಾ ಸುತ್ತಲೂ ಸಮ ಮಾಡೋದು) ಸಾಲದು, ರಿಲೀಫೂ ಮಾಡಿಸಿ, ನೈಫನ್ನ ಬಾರ್ ಸಮೇತ ಕಳಿಸಿ. ಬಂದಾಗ ಮತ್ತೆ ಮೂರು ಕಡೆ ಅಳೆದೇ ಕೂರಿಸಿ. ಸಣ್ಣ ತುದಿಯ 120.7ಕ್ಕಿಂತ ಕೆಳಗಿಳಿಯುತ್ತೆ, ಆದರೂ 114.3ಕ್ಕೆ ಇನ್ನೂ ದೂರ ಇದೆ, ರೀಲು ಬದಲಾಯಿಸಿ ಅಂತ ಯಾರಾದ್ರೂ ಹೇಳಿದ್ರೆ ಒಪ್ಪಬೇಡಿ. ಅಲ್ಲಿವರೆಗೆ ಓಡಿಸಲೇಬೇಕು ಅಂದ್ರೆ ಬಲಗಡೆ ಕ್ಲಿಕ್ ಕೊಟ್ಟು, ಹಿಂದಿನ ರೋಲರನ್ನ ನೈಫಿಗೆ ಸಮ ಮಾಡಿ, ಗೇಜ್ ಬಾರಲ್ಲಿ ಎರಡೂ ತುದಿ 4 ಬರೋ ಹಾಗೆ ಎತ್ತರ ಮತ್ತೆ ಸೆಟ್ ಮಾಡಿ. ಮತ್ತೆ ಆ ಅಡ್ಜಸ್ಟರ್ ಎರಡನ್ನೂ ಮಾಲಿ ಮುಟ್ಟದ ಹಾಗೆ ಪೇಂಟಲ್ಲಿ ಗುರುತು ಹಾಕಿ ಬನ್ನಿ.